ಟ್ಯಾಂಕರ್ ಚಾಲಕರ ಜಾಹೀರಾತಿನಲ್ಲಿ ಇಲ್ಲದ ಮೂರು ಸಾಲು

ಸಂಪಾದಕರಿಗೆ,

ಮಾನ್ಯರೇ,

ಟ್ಯಾಂಕರ್‌ಗಳಿಗೆ ಚಾಲಕರು ಬೇಕಾಗಿದ್ದಾರೆ ಎಂಬ ಜಾಹೀರಾತುಗಳಲ್ಲಿ ಸಂಬಳದ ಅಂಕಿ ದಪ್ಪ ಅಕ್ಷರದಲ್ಲಿರುತ್ತದೆ. ಟ್ಯಾಂಕಿನೊಳಗೆ ಏನಿರುತ್ತದೆ ಎಂಬುದು ಎಷ್ಟೋ ಸಲ ಸಣ್ಣ ಅಕ್ಷರದಲ್ಲಿಯೂ ಇರುವುದಿಲ್ಲ. ಹತ್ತೊಂಬತ್ತು ವರ್ಷ ಇಂಧನ, ಹಾಲು ಮತ್ತು ರಾಸಾಯನಿಕಗಳ ಟ್ಯಾಂಕರ್ ಓಡಿಸಿ, ಅಷ್ಟರಲ್ಲಿ ನಾಲ್ಕು ಕಂಪನಿಗಳನ್ನು ಕಂಡ ನನಗೆ ಆ ದಪ್ಪ ಅಂಕಿಯನ್ನು ನೋಡಿ ಸೇರಿಕೊಂಡ ಕಡೆಯಲ್ಲೇ ಹೆಚ್ಚು ನಷ್ಟವಾಗಿದೆ. ಮೂಟೆ, ಪೆಟ್ಟಿಗೆಗಳ ಲೋಡಿನಿಂದ ಟ್ಯಾಂಕರ್‌ಗೆ ಬರಲು ಯೋಚಿಸುತ್ತಿರುವ ಕಿರಿಯ ಚಾಲಕರು ಒಪ್ಪಿಕೊಳ್ಳುವ ಮುನ್ನ ಏನನ್ನು ಕೇಳಬೇಕೆಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಮೊದಲು ಕೇಳಬೇಕಾದದ್ದು ಯಾವ ದ್ರವ, ಎಂಥ ಟ್ಯಾಂಕು ಎಂಬುದನ್ನು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ನಮ್ಮ ಕೆಲಸದಲ್ಲಿ ಅಕ್ಷರಶಃ ನಿಜ. ಆದರೆ ಶಾಖಕ್ಕೆ ದ್ರವ ಹಿಗ್ಗುವುದರಿಂದ ಯಾವ ಟ್ಯಾಂಕನ್ನೂ ಕಂಠಮಟ್ಟ ತುಂಬುವಂತಿಲ್ಲ. ಇಂಧನದ ಟ್ಯಾಂಕು ಸಾಮಾನ್ಯವಾಗಿ ಹಲವು ಕಂಪಾರ್ಟ್‌ಮೆಂಟ್‌ಗಳಾಗಿ ವಿಂಗಡವಾಗಿರುವುದರಿಂದ ತುಳುಕಾಟ ಅಷ್ಟಿಷ್ಟು ಹಿಡಿತದಲ್ಲಿರುತ್ತದೆ. ಹಾಲಿನ ಟ್ಯಾಂಕಿನಲ್ಲಿ ಹಾಗಲ್ಲ. ಮೂಲೆಗಳಲ್ಲಿ ಹಾಲು ಉಳಿದು ಕೆಡಬಾರದೆಂದು ಒಳಗೆ ತಡೆಹಲಗೆಗಳನ್ನು ಹಾಕದಿರುವುದೇ ಹೆಚ್ಚು. ಅರ್ಧ ಖಾಲಿಯಾದ ಅಂಥ ಗಾಡಿಯನ್ನು ಬ್ರೇಕ್ ಹಾಕಿ ನಿಲ್ಲಿಸಿದ ಮೇಲೆ, ಹಿಂದಕ್ಕೆ ಹೋಗಿದ್ದ ಅಲೆ ಮರಳಿ ಬಂದು ಮುಂಗೋಡೆಗೆ ಬಡಿದು, ನಿಂತ ಲಾರಿಯನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ತಡೆಹಲಗೆ ಇದ್ದರೂ ಅದು ಹಿಂದುಮುಂದಿನ ಅಲೆಯನ್ನು ತಗ್ಗಿಸುತ್ತದೆಯೇ ಹೊರತು ತಿರುವಿನಲ್ಲಿ ಗಾಡಿಯನ್ನು ಮಗುಚುವ ಅಕ್ಕಪಕ್ಕದ ಓಲಾಟವನ್ನಲ್ಲ. ತೂಕದ ಮಾತೂ ಇದೆ: 20,000 ಲೀಟರ್ ಪೆಟ್ರೋಲ್ ಸುಮಾರು 15 ಟನ್ ತೂಗಿದರೆ, ಅಷ್ಟೇ ಲೀಟರ್ ಗಾಢ ಗಂಧಕಾಮ್ಲ 36 ಟನ್ನನ್ನು ದಾಟುತ್ತದೆ. ಹಗುರ ದ್ರವಕ್ಕೆಂದು ಮಾಡಿಸಿದ ದೊಡ್ಡ ಟ್ಯಾಂಕಿನಲ್ಲಿ ಭಾರದ ದ್ರವವನ್ನು ಅರ್ಧಕ್ಕೆ ತುಂಬಿ ಕಳಿಸುವ ಕಂಪನಿಯು ತಾನು ಉಳಿಸಿದ ಹಣದ ಅಪಾಯವನ್ನು ಚಾಲಕನ ತಲೆಗೆ ಕಟ್ಟುತ್ತಿದೆ ಎಂದೇ ಅರ್ಥ.

ಎರಡನೆಯದು, ಹೊಸಬರು ಕೇಳಲು ಸಂಕೋಚಪಡುವ ಪ್ರಶ್ನೆ: ಇಳಿಸುವಾಗ ಅಳತೆ ಕಡಿಮೆ ಬಂದರೆ ಏನು ಮಾಡುತ್ತೀರಿ? ನಾನು ಮೊದಲು ಕೆಲಸಕ್ಕಿದ್ದ ಕಡೆ ‘ಶಾರ್ಟೇಜ್’ ಎಂದು ಬರೆದುಕೊಂಡು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ನಾನು ಮೂರು ತಿಂಗಳು ಸೀಲುಗಳನ್ನು, ವಾಲ್ವ್‌ಗಳನ್ನು, ಕೊನೆಗೆ ಜೊತೆಗಿದ್ದ ಕ್ಲೀನರನ್ನೂ ಅನುಮಾನಿಸಿದೆ. ಈಗಲೂ ಆ ಹುಡುಗನ ನೆನಪಾದರೆ ಮುಜುಗರವಾಗುತ್ತದೆ. ಕಾರಣ ಬೇರೆಯೇ ಇತ್ತು. ಮಧ್ಯಾಹ್ನದ ಬಿಸಿಯಲ್ಲಿ ತುಂಬಿದ 20,000 ಲೀಟರ್ ಪೆಟ್ರೋಲ್, ಬೆಳಗಿನ ಜಾವದ ತಂಪಿನಲ್ಲಿ ಇಳಿಸುವ ಹೊತ್ತಿಗೆ 10 ಡಿಗ್ರಿ ಸೆಲ್ಸಿಯಸ್ ತಣಿದಿದ್ದರೆ, ಸುಮಾರು 190 ಲೀಟರ್ ಕುಗ್ಗಿರುತ್ತದೆ. ಒಂದು ಹನಿಯೂ ಚೆಲ್ಲಿರುವುದಿಲ್ಲ, ಯಾರೂ ಕದ್ದಿರುವುದಿಲ್ಲ. ತೂಕ ಹಾಗೆಯೇ ಇರುತ್ತದೆ. ಇದಕ್ಕೆಂದೇ ತೈಲ ವ್ಯಾಪಾರದಲ್ಲಿ ಅಳತೆಯನ್ನು 15 ಡಿಗ್ರಿಯಂಥ ಒಂದು ಗೊತ್ತಾದ ಉಷ್ಣತೆಗೆ ಪರಿವರ್ತಿಸಿ ಲೆಕ್ಕ ಹಾಕುವ ಕ್ರಮವಿದೆ. ತುಂಬುವಾಗಲೂ ಇಳಿಸುವಾಗಲೂ ಡಿಪ್ ರಾಡ್ (ಟ್ಯಾಂಕಿನಲ್ಲಿ ದ್ರವದ ಮಟ್ಟ ನೋಡುವ ಅಳತೆಗೋಲು) ಅಳತೆಯ ಜೊತೆಗೆ ಉಷ್ಣತೆಯನ್ನು ಚೀಟಿಯಲ್ಲಿ ಬರೆಸಿ, ಚಾಲಕನಿಗೂ ಒಂದು ಪ್ರತಿ ಕೊಡುವ ಕಂಪನಿಯನ್ನು ನಂಬಬಹುದು. ಪ್ರಶ್ನೆ ಕೇಳಿದೊಡನೆ ‘ಅದೆಲ್ಲ ಆಮೇಲೆ ನೋಡೋಣ’ ಎನ್ನುವ ಕಡೆ, ಸಂಬಳ ಎಷ್ಟೇ ಇರಲಿ, ಕೈಗೆ ಬರುವುದು ಎಷ್ಟೆಂದು ಹೇಳಲಾಗದು.

ಕಾಯುವ ಹೊತ್ತಿನ ಕೂಲಿಯನ್ನೂ ಕೇಳಬೇಕು. ಓಡಿದ ಕಿಲೋಮೀಟರಿಗೆ ಮಾತ್ರ ಹಣ ಕೊಡುವುದಾದರೆ, ಲೋಡಿಂಗ್ ಸರದಿಯಲ್ಲಿ, ಟ್ಯಾಂಕು ತೊಳೆಸುವಲ್ಲಿ, ಪಂಪು ಕೆಟ್ಟ ಗಿರಾಕಿಯ ಅಂಗಳದಲ್ಲಿ ಕಳೆದ ತಾಸುಗಳೆಲ್ಲ ಬಿಟ್ಟಿ. ಆ ತಾಸುಗಳನ್ನು ತುಂಬಿಕೊಳ್ಳಲು ರಾತ್ರಿ ನಿದ್ದೆಗೆಟ್ಟು ಓಡಿಸುವವರನ್ನು ನಾನು ಕಂಡಿದ್ದೇನೆ, ಒಂದು ಕಾಲದಲ್ಲಿ ನಾನೂ ಓಡಿಸಿದ್ದೇನೆ.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆಯೆಂದರೆ ಟ್ಯಾಂಕನ್ನು ಯಾರು ತೊಳೆಯುತ್ತಾರೆ ಎಂಬುದು. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 21 ಶೇಕಡಾ ಆಮ್ಲಜನಕವಿರುತ್ತದೆ; ದ್ರವ ಕೆಡದಿರಲೆಂದು ಸಾರಜನಕ ತುಂಬಿದ್ದ ಟ್ಯಾಂಕಿನಲ್ಲಿ, ಕೆಲವೊಮ್ಮೆ ಒಳಗೋಡೆ ತುಕ್ಕು ಹಿಡಿದ ಮುಚ್ಚಿದ ಟ್ಯಾಂಕಿನಲ್ಲಿಯೂ, ಅದು ಜೀವ ಉಳಿಯದಷ್ಟು ಕಡಿಮೆಯಾಗಿರಬಹುದು, ಮತ್ತು ಮೂಗಿಗೆ ಯಾವ ವಾಸನೆಯೂ ಅದನ್ನು ತಿಳಿಸುವುದಿಲ್ಲ. ಇಳಿದವನು ಕುಸಿದದ್ದನ್ನು ಕಂಡು ಅವನನ್ನು ಎತ್ತಲು ಇಳಿದವನೂ ಸಾಯುವುದು ಇಂಥ ಅವಘಡಗಳಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಪೆಟ್ರೋಲ್ ಟ್ಯಾಂಕು ಖಾಲಿಯಾದ ಮೇಲೆ ಒಳಗೆ ಉಳಿದ ಆವಿ ಗಾಳಿಯೊಂದಿಗೆ ಬೆರೆತು ಒಂದು ಕಿಡಿಗೆ ಕಾದಿರುತ್ತದೆ. ಹೋಸ್ ಜೋಡಿಸುವ ಮುನ್ನ, ಕಿಡಿ ಹಾರಿಸಬಲ್ಲ ಸ್ಥಿರವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಹಾಕುವುದು ಅದಕ್ಕಾಗಿಯೇ. ಗಾಳಿಯನ್ನು ಪರೀಕ್ಷಿಸದೆ, ಮೇಲೆ ಕಾವಲಿಗೆ ಯಾರನ್ನೂ ನಿಲ್ಲಿಸದೆ, ‘ಐದು ನಿಮಿಷದ ಕೆಲಸ, ಇಳಿದು ನೋಡು’ ಎನ್ನುವ ಮೇಲ್ವಿಚಾರಕನಿರುವ ಕಂಪನಿಗೆ ಮರುದಿನ ಹೋಗಬೇಕಾಗಿಲ್ಲ.

ಇಷ್ಟನ್ನೂ ಕಚೇರಿಯಲ್ಲಿ ಕೇಳಿದರೆ ಸಿಹಿಯಾದ ಉತ್ತರವೇ ಸಿಗುತ್ತದೆ. ಆದ್ದರಿಂದ ಗಾಡಿ ನಿಲ್ಲಿಸುವ ಜಾಗಕ್ಕೆ ಹೋಗಿ, ಮ್ಯಾನ್‌ಹೋಲ್ ಮುಚ್ಚಳದ ಗ್ಯಾಸ್ಕೆಟ್ ಬಿರಿದಿದೆಯೇ, ವಾಲ್ವಿನ ಕೆಳಗೆ ನೆಲ ಒದ್ದೆಯಾಗಿದೆಯೇ, ಟೈರುಗಳು ಹೇಗಿವೆ ಎಂಬುದನ್ನು ಕಣ್ಣಾರೆ ನೋಡಬೇಕು. ಅಲ್ಲಿನ ಹಳೆಯ ಚಾಲಕರೊಬ್ಬರನ್ನು, ಗಾಡಿ ಸರಿಯಿಲ್ಲವೆಂದು ಟ್ರಿಪ್ಪು ಬೇಡವೆಂದವರಿಗೆ ಮುಂದಿನ ವಾರ ಟ್ರಿಪ್ಪು ಸಿಕ್ಕಿತೇ ಎಂದು ಕೇಳಬೇಕು. ಹೊಸಬನನ್ನು ಅನುಭವಿಯ ಪಕ್ಕದಲ್ಲಿ ಎಷ್ಟು ದಿನ ಕೂರಿಸುತ್ತಾರೆ ಎಂಬುದೂ ಆ ಮಾತಿನಲ್ಲೇ ಹೊರಬರುತ್ತದೆ.

ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಸಾಗಿಸುವ ದ್ರವ ಯಾವುದು, ಕಾಯುವ ತಾಸಿಗೆ ಎಷ್ಟು ಕೊಡುತ್ತೀರಿ, ಶಾರ್ಟೇಜ್ ಲೆಕ್ಕ ಹೇಗೆ ಎಂಬ ಮೂರು ಸಾಲುಗಳನ್ನು ಜಾಹೀರಾತಿನಲ್ಲಿ ಸಂಬಳದ ಕೆಳಗೆ ಸೇರಿಸಿ. ಜಾಹೀರಾತು ವಿಭಾಗದವರು ಆ ಮೂರು ಸಾಲಿಗೆ ದರದಲ್ಲಿ ರಿಯಾಯಿತಿ ಕೊಡುವುದಾದರೆ ಚಾಲಕರು ಪತ್ರಿಕೆಗೆ ಋಣಿಯಾಗಿರುತ್ತಾರೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಟ್ಯಾಂಕರ್ ಚಾಲಕ