ರಾಟೆಯ ಲೆಕ್ಕ: ಮಗಳಿಗೊಂದು ಪತ್ರ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಬಾವಿಯ ರಾಟೆಯಿಂದ ನೀರು ಸೇದಲು ಬೇಕಾದ ಬಲ ಅರ್ಧವಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದದ್ದಕ್ಕೆ ಅಂಕ ಸಿಗಲಿಲ್ಲವೆಂದೂ, ಹೋದ ಬೇಸಿಗೆಯಲ್ಲಿ ನಮ್ಮ ಹಿತ್ತಲ ಬಾವಿಯ ರಾಟೆ ಮುರಿದಿದ್ದ ಒಂದು ವಾರ ಅಂಗೈ ಕೆಂಪಾಗುವಂತೆ ನೀರು ಸೇದಿದ ನಿನಗೆ ಆ ಉತ್ತರ ತಪ್ಪೆಂದು ಒಪ್ಪಲು ಮನಸ್ಸು ಬರುತ್ತಿಲ್ಲವೆಂದೂ ಬರೆದಿದ್ದೀಯ. ನಿನ್ನ ಟೀಚರ್ ಹೇಳಿದ್ದು ಸರಿ. ನಿನ್ನ ಅಂಗೈಗೆ ಅನಿಸಿದ್ದೂ ಸುಳ್ಳಲ್ಲ. ಇವೆರಡೂ ಹೇಗೆ ಒಟ್ಟಿಗೆ ನಿಜವಾಗಿರಬಹುದು ಎಂಬುದನ್ನು ಬಿಡಿಸಿ ಹೇಳಬೇಕೆಂದೇ ಈ ಪತ್ರ.

ಬಲವನ್ನು ನ್ಯೂಟನ್‌ನಲ್ಲಿ, ಕೆಲಸವನ್ನೂ ಶಕ್ತಿಯನ್ನೂ ಜೂಲ್‌ನಲ್ಲಿ ಅಳೆಯುತ್ತೇವೆ. ಹತ್ತು ಲೀಟರ್ ನೀರಿನ ತೂಕ 98 ನ್ಯೂಟನ್. ಬಿಂದಿಗೆಯ ತೂಕವನ್ನು ಸದ್ಯಕ್ಕೆ ಬಿಡೋಣ. ನೀರು ಹತ್ತು ಮೀಟರ್ ಆಳದಲ್ಲಿದ್ದರೆ, ಮೇಲೆತ್ತಲು ಮಾಡಬೇಕಾದ ಕೆಲಸ 98 ಗುಣಿಸು 10, ಅಂದರೆ 980 ಜೂಲ್. ತೊಲೆಗೆ ಕಟ್ಟಿದ ಒಂಟಿ ರಾಟೆ ಇದರಲ್ಲಿ ಒಂದು ಜೂಲನ್ನೂ ಕಡಿಮೆ ಮಾಡದು. ನೀನು ಹಗ್ಗವನ್ನು ಒಂದು ಮೀಟರ್ ಎಳೆದರೆ ಬಿಂದಿಗೆಯೂ ಒಂದೇ ಮೀಟರ್ ಏರುತ್ತದೆ, ಆದ್ದರಿಂದ ಬಲವೂ ಅಷ್ಟೇ ಬೇಕು. ರಾಟೆ ಬದಲಿಸುವುದು ದಿಕ್ಕನ್ನು ಮಾತ್ರ. ಮೇಲಕ್ಕೆ ಎತ್ತಬೇಕಾದದ್ದನ್ನು ಕೆಳಕ್ಕೆ ಜಗ್ಗಿ ಎತ್ತುತ್ತೇವೆ, ಆಗ ಬೆನ್ನು ಬಗ್ಗಿಸಬೇಕಿಲ್ಲ, ನಮ್ಮ ಮೈಭಾರವೂ ನಮ್ಮ ಪರವಾಗಿ ನಿಲ್ಲುತ್ತದೆ.

ಹಾಗಿದ್ದರೆ ರಾಟೆ ಇಲ್ಲದ ಆ ವಾರ ನಿನಗೆ ಅಷ್ಟು ಕಷ್ಟವಾದದ್ದೇಕೆ? ಆಗ ಹಗ್ಗ ಬಾವಿಕಟ್ಟೆಯ ಕಲ್ಲಿನ ಅಂಚಿಗೆ ಉಜ್ಜಿಕೊಂಡು ಬರುತ್ತಿತ್ತು. ಹಗ್ಗ ಒರಟು ಕಲ್ಲಿನ ಮೇಲೆ ಕಾಲು ಸುತ್ತು ಬಾಗಿ ಬಂದರೆ, ಘರ್ಷಣಾಂಕ (ಉಜ್ಜುವ ಎರಡು ಮೈಗಳು ಒಂದನ್ನೊಂದು ಎಷ್ಟು ತಡೆಯುತ್ತವೆ ಎಂಬ ಅಳತೆ) ಅರ್ಧವೆಂದು ಇಟ್ಟುಕೊಂಡರೂ, 98 ನ್ಯೂಟನ್ ಇರಬೇಕಾದ ಬಲ 210ನ್ನು ದಾಟುತ್ತದೆ. ಎಂದರೆ ರಾಟೆ ಬಲವನ್ನು ಅರ್ಧ ಮಾಡಿದ್ದಲ್ಲ, ಕಲ್ಲು ಅದನ್ನು ದುಪ್ಪಟ್ಟು ಮಾಡಿತ್ತು. ರಾಟೆ ತಿರುಗುತ್ತಾ ಆ ಘರ್ಷಣೆಯನ್ನು ತಪ್ಪಿಸುತ್ತಿತ್ತು. ನೀನು ಹೆಚ್ಚಾಗಿ ಸುರಿಸಿದ ಶಕ್ತಿ ನೀರಿಗೆ ಸೇರದೆ ಹಗ್ಗವನ್ನೂ ಕಲ್ಲನ್ನೂ ಬಿಸಿ ಮಾಡಿ ಹೋಯಿತು. ಹಳೆಯ ಬಾವಿಗಳ ಕಟ್ಟೆಯಲ್ಲಿ ಹಗ್ಗ ಸವೆಸಿದ ಗೀರುಗಳನ್ನು ನೀನು ನೋಡಿದ್ದೀಯಲ್ಲ, ತಲೆಮಾರುಗಳ ಕಾಲ ನೀರು ಸೇದಿದವರ ಶ್ರಮದ ಒಂದು ಪಾಲು ಹೋದದ್ದು ಅಲ್ಲಿಗೇ. ಈಗ ಅವುಗಳನ್ನು ಕಂಡಾಗಲೆಲ್ಲ ನನಗೆ ನಿನ್ನಜ್ಜಿಯ ಕೈಗಳು ನೆನಪಾಗುತ್ತವೆ.

ಬಲವನ್ನು ನಿಜವಾಗಿ ಅರ್ಧ ಮಾಡುವ ರಾಟೆಯೂ ಇದೆ. ಹಗ್ಗದ ಒಂದು ತುದಿಯನ್ನು ತೊಲೆಗೆ ಕಟ್ಟಿ, ರಾಟೆಯನ್ನು ಬಿಂದಿಗೆಗೇ ಜೋಡಿಸಿದರೆ ಭಾರವನ್ನು ಹಗ್ಗದ ಎರಡು ಎಳೆಗಳು ಹಂಚಿಕೊಳ್ಳುತ್ತವೆ, ನಿನ್ನ ಕೈಗೆ ಬರುವುದು 49 ನ್ಯೂಟನ್. ಆದರೆ ಬಿಂದಿಗೆ ಹತ್ತು ಮೀಟರ್ ಏರಲು ನೀನು ಇಪ್ಪತ್ತು ಮೀಟರ್ ಹಗ್ಗ ಎಳೆಯಬೇಕು. 49 ಗುಣಿಸು 20 ಮತ್ತೆ ಅದೇ 980. ಸ್ಕೂಟರನ್ನು ಜಗಲಿಗೆ ಹತ್ತಿಸಲು ನಾವು ಇಡುವ ಆರಡಿಯ ಹಲಗೆಯ ಕಥೆಯೂ ಇದೇ: ಜಗಲಿಯ ಎತ್ತರ ಎರಡಡಿ, ಹಲಗೆ ಅದರ ಮೂರು ಪಟ್ಟು, ಹಾಗಾಗಿ ತಳ್ಳುವ ಬಲ ತೂಕದ ಮೂರನೆಯ ಒಂದು ಪಾಲು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆತ್ತೇ ತೀರಬೇಕು. ಈ ಒಂದು ಮಾತು ಮನಸ್ಸಿಗೆ ಇಳಿದರೆ ಸನ್ನೆ, ಇಳಿಜಾರು, ತಿರುಪು ಎಂದು ಬೇರೆಬೇರೆ ಬಾಯಿಪಾಠ ಮಾಡುವ ಅಗತ್ಯವಿಲ್ಲವೆಂದು ನನ್ನ ನಂಬಿಕೆ.

ನಿಮ್ಮ ಮುತ್ತಜ್ಜನ ಕಾಲದ ಕಪಿಲೆಯಲ್ಲಿ, ಅಂದರೆ ಎತ್ತುಗಳಿಂದ ಹಗ್ಗ ಎಳೆಸಿ ಬಾವಿಯ ನೀರೆತ್ತುವ ಏರ್ಪಾಟಿನಲ್ಲಿ, ಎತ್ತುಗಳನ್ನು ಬಾವಿಯಿಂದ ದೂರಕ್ಕೆ, ಇಳಿಜಾರಿನಲ್ಲಿ ಕೆಳಮುಖವಾಗಿ ನಡೆಸುತ್ತಿದ್ದರು. ಎತ್ತುಗಳು ಇಳಿಯುವಾಗ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿಯೂ (ಎತ್ತರದಲ್ಲಿರುವುದರಿಂದ ಇರುವ ಶಕ್ತಿ) ಚರ್ಮದ ಚೀಲದ ನೀರನ್ನು ಎತ್ತಲು ನೆರವಾಗುತ್ತಿತ್ತು. ಅದೂ ಪುಕ್ಕಟೆಯಲ್ಲ, ಚೀಲ ಇಳಿಬಿಡುವಾಗ ಎತ್ತುಗಳು ಮತ್ತೆ ಏರಿ ಬರಬೇಕಿತ್ತು. ಆದರೂ ಅತಿ ಭಾರದ ಹೊತ್ತಿನಲ್ಲಿ ಆ ಪ್ರಾಣಿಗಳಿಗೆ ಕಷ್ಟ ಹಗುರವಾಗಲಿ ಎಂದು ಯೋಚಿಸಿದ ರೈತನ ಬಗ್ಗೆ ನನಗೆ ಬಹಳ ಗೌರವವಿದೆ.

ಈಗ ಮೋಟಾರು ಬಂದಿದೆ. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ನಷ್ಟವೇ ಇಲ್ಲವೆಂದು ಭಾವಿಸಿದರೆ ನಮ್ಮ ಬಾವಿಯಿಂದ 3,600ಕ್ಕೂ ಹೆಚ್ಚು ಬಿಂದಿಗೆ ಸೇದುವ ಕೆಲಸ. ಆ ವಿದ್ಯುತ್ತಿನ ಒಂದು ಭಾಗ ಹುಟ್ಟುವುದೂ ನೀರಿನಿಂದಲೇ. 1902ರಲ್ಲಿ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯ ಶಕ್ತಿಯನ್ನು 140 ಕಿಲೋಮೀಟರ್‌ಗೂ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯಲ್ಲಿ ಕಳುಹಿಸಿದರು. ನಾವು ಸೇದಿ ನೀರಿಗೆ ಕೊಡುವ ಶಕ್ತಿಯನ್ನು ಅಲ್ಲಿ ನೀರೇ ಇಳಿಯುತ್ತಾ ಕೊಡುತ್ತದೆ.

ಹಬ್ಬಕ್ಕೆ ಬರುವಾಗ ಶಾಲೆಯಲ್ಲಿ ಕೇಳಿ ಒಂದು ಸ್ಪ್ರಿಂಗ್ ತಕ್ಕಡಿ ತಾ. ರಾಟೆಯ ಮೇಲಿನಿಂದ ಒಮ್ಮೆ, ಕಟ್ಟೆಯ ಕಲ್ಲಿನ ಮೇಲಿನಿಂದ ಒಮ್ಮೆ, ಅದೇ ಬಿಂದಿಗೆಯನ್ನು ನಿಧಾನವಾಗಿ ಎಳೆದು ಅಳೆಯೋಣ. ಹಗ್ಗವನ್ನು ನಾನು ಹಿಡಿಯುತ್ತೇನೆ, ಅಂಕಿಗಳನ್ನು ನೀನು ಬರೆದುಕೋ.

ಇಂತಿ ನಿನ್ನ
ಅಪ್ಪ