ಇಂಡಿಯಾನಾಪೊಲಿಸ್‌ನಿಂದ ಅಪ್ಪನಿಗೆ: ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ನಂಬರು

ಇಂಡಿಯಾನಾಪೊಲಿಸ್
ಅಮೆರಿಕ
7 ಜೂನ್ 2009, ಭಾನುವಾರ

ತೀರ್ಥರೂಪು ಅಪ್ಪನಿಗೆ ನಿಮ್ಮ ಪುಟ್ಟಿ ಮಾಡುವ ನಮಸ್ಕಾರಗಳು. ಅಮ್ಮನಿಗೂ ಅಜ್ಜಿಗೂ ನಮಸ್ಕಾರ. ಉಭಯ ಕುಶಲೋಪರಿ ಸಾಂಪ್ರತ.

ಮೃಗಶಿರಾ ಮಳೆ ಹಿಡಿಯಿತೇ? ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ಈ ಸಲ ಜನ ಸಿಕ್ಕಿದರೇ? ತಮ್ಮನಿಗೆ ಪಿಯುಸಿಗೆ ಯಾವ ಕಾಲೇಜು ಗೊತ್ತಾಯಿತು? ಇದನ್ನೆಲ್ಲ ಹೋದ ವಾರ ಫೋನಿನಲ್ಲೇ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಕಾರ್ಡು ಮುಗಿದುಹೋಯಿತು. ಮೆಸೇಜು ಕಳಿಸಿದರೆ ಉತ್ತರ ಕೊಡುವ ನಂಬರಿನ ವಿಷಯ ಹೇಳಲು ಶುರುಮಾಡಿ ಅರ್ಧಕ್ಕೇ ನಿಂತಿತು. ಅಮ್ಮ ಅದನ್ನು ಜ್ಯೋತಿಷ್ಯ ಹೇಳುವ ನಂಬರು ಎಂದುಕೊಂಡಳೆಂದು ಕಾಣುತ್ತದೆ, "ಅದಕ್ಕೆಲ್ಲ ದುಡ್ಡು ಹಾಕಬೇಡ್ವೇ" ಎಂದು ಅವಳು ಕೂಗಿದ್ದು ಕೇಳಿಸಿತು. ಆದ್ದರಿಂದ ಸಮಾಧಾನವಾಗಿ ಕಾಗದದಲ್ಲೇ ಬರೆಯುತ್ತಿದ್ದೇನೆ.

ಆ ನಂಬರು 242242. ಮೊಬೈಲಿನ ಗುಂಡಿಗಳ ಮೇಲೆ ಇಂಗ್ಲಿಷ್ ಅಕ್ಷರ ಇರುತ್ತದಲ್ಲ, ಅದರ ಪ್ರಕಾರ ಒತ್ತಿದರೆ 'ಚಾಚಾ' ಎಂದಾಗುತ್ತದೆ. ಸೇವೆಯ ಹೆಸರೇ ಚಾಚಾ. ಚೀನೀ ಭಾಷೆಯಲ್ಲಿ 'ಚಾ' ಎಂದರೆ ಹುಡುಕು ಎಂದಂತೆ, ಅದರಿಂದ ಬಂದ ಹೆಸರು. ಏನು ಬೇಕಾದರೂ ಕೇಳಬಹುದು. ಪ್ರಶ್ನೆ ಬರೆದು ಕಳಿಸಿದರೆ ಕೆಲವು ನಿಮಿಷಗಳಲ್ಲಿ ಉತ್ತರ ಬಂದು ಫೋನು ಗುರ್ ಎನ್ನುತ್ತದೆ. ಕಂಪನಿ ಇರುವುದು ನಾನಿರುವ ಈ ಊರಿಗೆ ತಾಗಿದಂತೆ ಉತ್ತರಕ್ಕಿರುವ ಕಾರ್ಮೆಲ್ ಎಂಬಲ್ಲಿ. 2006ರಲ್ಲಿ ಶುರುವಾದದ್ದು, ಮೆಸೇಜಿನ ಸೇವೆ ಬಂದದ್ದು ಕಳೆದ ವರ್ಷ. ಕಟ್ಟಿದವರಲ್ಲಿ ಒಬ್ಬರಾದ ಸ್ಕಾಟ್ ಜೋನ್ಸ್ ಇದಕ್ಕೂ ಮೊದಲು ಫೋನಿನ ವಾಯ್ಸ್‌ಮೇಲ್ ವ್ಯವಸ್ಥೆ ಮಾಡಿ ಹೆಸರಾದವರು.

ದುಡ್ಡಿನ ಚಿಂತೆ ಬೇಡ. ಕೇಳಿದ್ದಕ್ಕೆ ಅವರು ಏನೂ ತೆಗೆದುಕೊಳ್ಳುವುದಿಲ್ಲ. ಉತ್ತರದ ಕೊನೆಗೆ ಒಂದೊಂದು ಸಲ ಸಣ್ಣ ಜಾಹೀರಾತು ಸೇರಿರುತ್ತದೆ, ಅದೇ ಅವರ ಸಂಪಾದನೆ. ಇಲ್ಲಿ ಕಳಿಸುವ ಮೆಸೇಜಿಗಷ್ಟೇ ಅಲ್ಲ, ಬರುವ ಮೆಸೇಜಿಗೂ ಫೋನ್ ಕಂಪನಿಗೆ ಕಾಸು ಕೊಡಬೇಕು ನಿಜ. ಆದರೆ ನಾನು ತಿಂಗಳಿಗಿಷ್ಟು ಎಂದು ಕಟ್ಟಿಬಿಟ್ಟಿದ್ದೇನೆ, ಎಷ್ಟು ಕಳಿಸಿದರೂ ಅಷ್ಟೇ.

ಇದನ್ನು ನನಗೆ ತೋರಿಸಿಕೊಟ್ಟವಳು ಜೊತೆಯಲ್ಲಿರುವ ಧಾರವಾಡದ ಹುಡುಗಿ. ಜನವರಿಯ ಒಂದು ರಾತ್ರಿ, ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು. ಜೋಗ ಎತ್ತರವೋ ನಯಾಗರ ಎತ್ತರವೋ ಎಂದು ಅವಳ ಕ್ಲಾಸಿನವನೊಬ್ಬನ ಜೊತೆ ವಾದವಾಗಿತ್ತಂತೆ. "ತಡಿ, ಕೇಳಿ ನೋಡೂಣು" ಎಂದು ಒತ್ತಿದಳು. ಉತ್ತರ ಬಂತು: ಜೋಗ 830 ಅಡಿ, ನಯಾಗರ 200 ಅಡಿಯನ್ನೂ ಮುಟ್ಟುವುದಿಲ್ಲ. ಸಾಗರ ತಾಲ್ಲೂಕಿನವಳಾದ ನನಗೆ ಜೋಗದ ಲೆಕ್ಕ ಗೊತ್ತಿದ್ದದ್ದೇ. ಆದರೂ ಅದು ಆ ಪುಟ್ಟ ಪರದೆಯ ಮೇಲೆ ಬಂದಾಗ ಆದ ಖುಷಿ ಇಷ್ಟೆಂದು ಹೇಳಲಾರೆ. ಅವತ್ತಿನಿಂದ ಹಿಡಿದ ಗೀಳು ಬಿಟ್ಟಿಲ್ಲ. ಬಸ್ಸಿಗೆ ಕಾಯುವಾಗ, ಅನ್ನ ಬೇಯುವಾಗ, ಬಟ್ಟೆ ಒಗೆಯುವ ಯಂತ್ರ ತಿರುಗುವಾಗ ಒಂದಲ್ಲ ಒಂದು ಕೇಳುತ್ತಿರುತ್ತೇನೆ. ಶುಕ್ರಗ್ರಹದಲ್ಲಿ ವರ್ಷಕ್ಕಿಂತ ದಿನವೇ ಉದ್ದ ಎಂಬುದು ನಿಮಗೆ ಗೊತ್ತಿತ್ತೇ ಅಪ್ಪ? ಅದು ತನ್ನ ಸುತ್ತ ಒಂದು ಸುತ್ತು ತಿರುಗಲು ನಮ್ಮ 243 ದಿನ ಬೇಕು, ಸೂರ್ಯನ ಸುತ್ತ ಬರಲು 225 ದಿನ ಸಾಕು. ಮೊದಲನೆಯ ಮೊಬೈಲ್ ಮೆಸೇಜು ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ಅದರಲ್ಲಿ ಇದ್ದದ್ದು ಕ್ರಿಸ್‌ಮಸ್ ಶುಭಾಶಯ. ಇಂಥವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ಅದರೊಳಗಿನ ಮೂರನ್ನು ನಿಮಗೆಲ್ಲ ಹಂಚುತ್ತೇನೆ. ಒಂದು ನಿಮಗೆ, ಒಂದು ಅಮ್ಮನಿಗೆ, ಒಂದು ಅಜ್ಜಿಗೆ.

ನಿಮ್ಮದು ಅಡಿಕೆಯದು. ಇಲ್ಲಿಯವರು ಅಡಿಕೆಗೆ 'ಬೀಟಲ್ ನಟ್' ಎನ್ನುತ್ತಾರೆ. ಲ್ಯಾಬಿನಲ್ಲಿ ಒಬ್ಬರು, "ಅದು ವೀಳ್ಯದ ಬಳ್ಳಿಯಲ್ಲಿ ಬಿಡುವ ಕಾಯಿ ಅಲ್ಲವೇ?" ಎಂದು ಕೇಳಿದರು. ಅಲ್ಲ, ಅದು ಬೇರೆ ಮರದ್ದು, ಬಳ್ಳಿಯನ್ನು ನಾವು ಆ ಮರಕ್ಕೇ ಹಬ್ಬಿಸುತ್ತೇವೆ ಎಂದು ಹೇಳಿದೆ. ಹಾಗಿದ್ದರೆ ಎಲೆಯ ಹೆಸರು ಕಾಯಿಗೆ ಯಾಕೆ ಬಂತು ಎಂದಾಗ ನನಗೆ ಹೇಳಲಾಗಲಿಲ್ಲ. ರಾತ್ರಿ ಕೇಳಿದೆ. ವೀಳ್ಯದೆಲೆಯ ಜೊತೆ ಸೇರಿಸಿ ಜಗಿಯುವುದರಿಂದ ಆ ಹೆಸರು ಬಿತ್ತು ಎಂದು ಉತ್ತರ ಬಂತು. ಹಾಗಾದರೆ 'ಅರೆಕಾ' ಎಂಬ ಪದ ಎಲ್ಲಿಯದು ಎಂದು ಮತ್ತೆ ಕೇಳಿದೆ. ಸ್ವಲ್ಪ ಹೊತ್ತಾಯಿತು. ನಾನು ಹಾಸಿಗೆಯ ಮೇಲೆ ಫೋನು ಹಿಡಿದೇ ಕೂತಿದ್ದೆ. ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಬಂದದ್ದು, ಅವರಿಗೆ ಸಿಕ್ಕಿದ್ದು ಮಲಯಾಳದಿಂದ, ಅದಕ್ಕೆ ಹತ್ತಿರದ ಪದ ಕನ್ನಡದ 'ಅಡಿಕೆ' ಎಂದಿತ್ತು. ಅಪ್ಪ, ಯಾವುದೋ ಊರಿನಲ್ಲಿ ಕೂತ, ನಮ್ಮ ಹೆಸರನ್ನೇ ಕೇಳಿರದ ಯಾರೋ ಒಬ್ಬರು ನನಗಾಗಿ ಹುಡುಕಿ 'ಕನ್ನಡ' ಎಂದು ಟೈಪು ಮಾಡಿದ್ದರು! ಆ ಮೆಸೇಜು ಇನ್ನೂ ಅಳಿಸಿಲ್ಲ.

ಅಮ್ಮನಿಗೆ ಮಜ್ಜಿಗೆಯದು. ಈ ಊರಿನಲ್ಲಿ ಪ್ರತಿ ಮೇ ಕೊನೆಗೆ ದೊಡ್ಡ ಕಾರು ರೇಸು. ಎರಡೂವರೆ ಮೈಲಿಯ ಹಾದಿಯನ್ನು 200 ಸುತ್ತು ಹಾಕಿದರೆ ಒಟ್ಟು 500 ಮೈಲಿ. 1911ರಿಂದ ನಡೆಯುತ್ತಿದೆ. ಈ ಸಲ ಗೆದ್ದದ್ದು ಬ್ರೆಜಿಲ್‌ನ ಎಲಿಯೊ ಕಾಸ್ಟ್ರೊನೆವಿಸ್, ಇದು ಅವರ ಮೂರನೆಯ ಗೆಲುವು. ಗೆದ್ದವರಿಗೆ ಇಲ್ಲಿ ಒಂದು ಬಾಟಲಿ ಹಾಲು ಕೊಡುತ್ತಾರೆ! ಬಿಸಿಲಲ್ಲಿ ಬೆವರಿ ಇಳಿದವರು ಹಾಲು ಕುಡಿಯುವುದೇಕೆ ಎಂದು ಕೇಳಿದೆ. 1936ರಲ್ಲಿ ಗೆದ್ದ ಲೂಯಿ ಮೇಯರ್ ಅಲ್ಲೇ ಮಜ್ಜಿಗೆ ತರಿಸಿ ಕುಡಿದರಂತೆ. ಬಿಸಿಲಿಗೆ ಮಜ್ಜಿಗೆ ಒಳ್ಳೆಯದು ಎಂಬುದು ಅವರಿಗೆ ಅವರ ತಾಯಿ ಕಲಿಸಿದ ಪಾಠ. ಮಜ್ಜಿಗೆಯಿಂದ ಶುರುವಾದದ್ದು ಮುಂದೆ ಹಾಲಿನ ಪದ್ಧತಿಯಾಗಿ ನಿಂತಿತು. ಅಮ್ಮಾ, ತೋಟದಿಂದ ಬಂದವರಿಗೆಲ್ಲ ನೀನು ಶುಂಠಿ, ಕರಿಬೇವು ಹಾಕಿ ಕೊಡುವ ಮಜ್ಜಿಗೆ ಆ ಕ್ಷಣಕ್ಕೆ ನೆನಪಾಗಿ ಬಾಯಲ್ಲಿ ನೀರು ಬಂತು.

ಅಜ್ಜಿಯದು ಗುಬ್ಬಚ್ಚಿ. "ಅಲ್ಲಿ ಗುಬ್ಬಚ್ಚಿ ಇದ್ಯನೇ?" ಎಂದು ಅವರು ಎರಡು ಸಲ ಕೇಳಿದ್ದರು. ಇದೆ ಅಜ್ಜಿ. ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸುವಲ್ಲಿ, ಬಿದ್ದ ಬ್ರೆಡ್ಡಿನ ಚೂರಿಗೆ ಹಿಂಡಾಗಿ ಬರುತ್ತವೆ. ಗಂಡಿಗೆ ಕತ್ತಿನ ಕೆಳಗೆ ಅದೇ ಕಪ್ಪು ಮಚ್ಚೆ. ನಮ್ಮೂರ ಮನೆಯ ಕಪಾಟಿನ ಕನ್ನಡಿಯನ್ನು ಕುಕ್ಕುತ್ತಿದ್ದದ್ದು ಇದೇ ಗುಬ್ಬಿಯೇ ಎನ್ನುವಷ್ಟು ಹಾಗೇ ಇದೆ. ಇದು ಇಲ್ಲಿಯದೇ ಹಕ್ಕಿಯೇ ಎಂದು ಕೇಳಿದೆ. ಅಲ್ಲವಂತೆ. 1851ರಲ್ಲಿ ಇಂಗ್ಲೆಂಡಿನಿಂದ ತಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಿಟ್ಟರಂತೆ, ಮರಗಳಿಗೆ ಹತ್ತಿದ ಹುಳು ತಿನ್ನಲಿ ಎಂದು. ಅಲ್ಲಿಂದ ದೇಶವೆಲ್ಲ ಹಬ್ಬಿತು. ಉತ್ತರ ಓದಿ ಮುಗಿಸಿ ಕಿಟಕಿಗೆ ಹೋಗಿ ನೋಡಿದೆ. ಮೂರು ಗುಬ್ಬಿ ತಂತಿಯ ಮೇಲಿದ್ದವು. ಅವತ್ತಿನಿಂದ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಕಿಟಕಿಯ ಹೊರಗೆ ಹಾಕುತ್ತಿದ್ದೇನೆ.

ಇನ್ನು ನಿಮಗೆ ಹೇಳಲೇಬೇಕಾದದ್ದು, ಅಪ್ಪ. ಇದು ಯಂತ್ರ ಹೇಳುವ ಉತ್ತರ ಎಂದೇ ಮೊದಲು ನಾನು ತಿಳಿದಿದ್ದೆ. ಏಪ್ರಿಲ್‌ನಲ್ಲಿ ಒಂದು ಸಂಜೆ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯಲು ಹಾಕಿ ಕೂತಿದ್ದೆ. ಉತ್ತರ ಬಂತು, ಓದಿ ನಕ್ಕೆ. ಎದುರಿಗೆ ಮಗುವಿನ ಬಟ್ಟೆ ಮಡಚುತ್ತಿದ್ದ ಮೇಲಿನ ಮನೆಯ ಹೆಂಗಸು, "ಚಾಚಾನಾ?" ಎಂದರು. ಹೌದೆಂದೆ. "ನಾನು ಅದರಲ್ಲೇ ಕೆಲಸ ಮಾಡುತ್ತೇನೆ" ಎಂದರು. ನನಗೆ ಮಾತೇ ಹೊರಡಲಿಲ್ಲ.

ಮರುದಿನ ಅವರು ಮನೆಗೆ ಕರೆದರು. ಅಡಿಗೆಮನೆಯ ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಹಾಲಿನ ಬಾಟಲಿ. ಏಳು ತಿಂಗಳ ಕೂಸು ಹೆಗಲ ಮೇಲೆ ನಿದ್ದೆ ಹೋಗಿತ್ತು. ಒಂದು ಕೈ ಅದರ ಬೆನ್ನ ಮೇಲೆ, ಇನ್ನೊಂದು ಕೈಯಲ್ಲಿ ಟೈಪು. ಇಂಥವರು ದೇಶದ ತುಂಬ ಇದ್ದಾರೆ. ಕಾಲೇಜು ಹುಡುಗರು, ಮಕ್ಕಳನ್ನು ಬಿಟ್ಟು ಹೋಗಲಾಗದ ತಾಯಂದಿರು, ಎಲ್ಲರೂ ಮನೆಯಲ್ಲೇ ಕೂತು ಮಾಡುವವರು. ಒಂದು ಪ್ರಶ್ನೆಗೆ ಹತ್ತರಿಂದ ಇಪ್ಪತ್ತು ಸೆಂಟು. ಇಪ್ಪತ್ತು ಸೆಂಟು ಎಂದರೆ ನಮ್ಮ ಒಂಬತ್ತು ರೂಪಾಯಿ ಚಿಲ್ಲರೆ. ಇಷ್ಟು ಶ್ರದ್ಧೆಯ ಕೆಲಸಕ್ಕೆ ಇದು ತೀರ ಕಡಿಮೆ ಎಂದು ನನಗನಿಸಿತು, ಅವರಿಗೂ ಅದನ್ನೇ ಹೇಳಿದೆ. "ಮಗು ಮಲಗಿದಾಗ ಬೇರೆ ಯಾವ ಕೆಲಸ ಸಿಗುತ್ತದೆ?" ಎಂದರು.

ನಾನಿದ್ದಾಗಲೇ ಒಂದು ಪ್ರಶ್ನೆ ಬಂತು. ಆಕ್ಟೋಪಸ್‌ಗೆ ಎಷ್ಟು ಹೃದಯ? "ಮೂರು," ಎಂದು ಅವರು ನನ್ನ ಕಡೆ ತಿರುಗಿ ಹೇಳಿದರು. ಆದರೆ ಬರೆಯಲಿಲ್ಲ. ಮೊದಲು ಒಂದು ಕಡೆ ನೋಡಿದರು, ಆಮೇಲೆ ಇನ್ನೊಂದು ಕಡೆ. ಎರಡು ಹೃದಯ ಕಿವಿರಿಗೆ ರಕ್ತ ತಳ್ಳುತ್ತವೆ, ಒಂದು ಮೈಗೆಲ್ಲ. ರಕ್ತದಲ್ಲಿ ತಾಮ್ರ ಇರುವುದರಿಂದ ಬಣ್ಣ ನೀಲಿ. ಇಷ್ಟನ್ನೂ ಓದಿ ಆಮೇಲೆ ಬರೆಯಲು ಕೂತರು. ಗೊತ್ತಿತ್ತಲ್ಲ, ಮತ್ತೆ ಯಾಕೆ ನೋಡಿದಿರಿ ಎಂದೆ. "ಗೊತ್ತಿದ್ದರೂ ನೋಡಬೇಕು. ಅವರು ನನ್ನನ್ನು ನಂಬಿ ಕೇಳಿರುತ್ತಾರೆ" ಎಂದರು.

ಆಗ ಪೋಸ್ಟಾಫೀಸಿನ ಕೌಂಟರಿನ ಹಿಂದೆ ಕೂತ ನೀವು ಕಣ್ಣಿಗೆ ಕಟ್ಟಿದಿರಿ. ಯಾವ ಊರಿನ ಪಿನ್ ಕೋಡ್ ಕೇಳಿದರೂ ನಿಮಗೆ ಬಾಯಲ್ಲೇ ಇರುತ್ತಿತ್ತು. ಆದರೂ ಹಳೇ ರಟ್ಟಿನ ಪುಸ್ತಕ ತೆಗೆದು, ಬೆರಳು ಇಟ್ಟು ನೋಡಿ ಆಮೇಲೆಯೇ ಬರೆದುಕೊಡುತ್ತಿದ್ದಿರಿ. ಸ್ಕೂಲು ಬಿಟ್ಟು ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದ ನನಗೆ ಅದು ಯಾಕೆಂದು ತಿಳಿಯುತ್ತಿರಲಿಲ್ಲ. ಪಿನ್ ಕೋಡಿಗಷ್ಟೇ ಯಾರು ಬರುತ್ತಿದ್ದರು? ಬಾಂಬೆಗೆ ಪಾರ್ಸೆಲ್ ಎಷ್ಟು ದಿನ, ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರು ಯಾವ ವಾರ ಇರುತ್ತಾರೆ, ದಸರಾ ರಜಕ್ಕೆ ರೈಲಿನ ಹೊತ್ತು ಯಾವುದು, ಎಲ್ಲಕ್ಕೂ ಪೋಸ್ಟಾಫೀಸೇ. ಗೊತ್ತಿಲ್ಲದಿದ್ದರೆ "ನಾಳೆ ಬಾ, ಕೇಳಿಟ್ಟಿರ್ತೀನಿ" ಎನ್ನುತ್ತಿದ್ದಿರಿ, ಮರುದಿನ ಅವರು ಮರೆತರೂ ನೀವು ಮರೆಯುತ್ತಿರಲಿಲ್ಲ.

ಇನ್ನೊಂದು ವಿಷಯಕ್ಕೂ ನೀವು ನೆನಪಾಗುತ್ತೀರಿ. ಒಂದು ಮೆಸೇಜಿನಲ್ಲಿ 160 ಅಕ್ಷರ ಅಷ್ಟೇ ಹಿಡಿಸುತ್ತದೆ. ಆ ಹೆಂಗಸು ಬರೆದು, ಓದಿ, ಒಂದು ಪದ ತೆಗೆದು, ಮತ್ತೆ ಓದಿ, ಇನ್ನೊಂದು ಪದ ತಿರುಗಿಸಿ ಹಾಕಿ ಕಳಿಸಿದರು. ಟೆಲಿಗ್ರಾಂ ಬರೆಸಲು ಬಂದವರು ಇಡೀ ಕಥೆ ಹೇಳುತ್ತಿದ್ದರು. ಪದಕ್ಕಿಷ್ಟು ಎಂದು ಕಾಸು ಹೋಗುತ್ತದೆಂದು ನೀವು ಪೆನ್ಸಿಲ್ ಹಿಡಿದು ಸವರಿ ಸವರಿ 'ಮದರ್ ಸೀರಿಯಸ್ ಸ್ಟಾರ್ಟ್ ಇಮೀಡಿಯೆಟ್ಲಿ' ಎಂಬಲ್ಲಿಗೆ ತರುತ್ತಿದ್ದಿರಲ್ಲ, ಅದೇ ಕೈ. ಕನ್ನಡದಲ್ಲಿ ಬರೆದರೆ ಮೆಸೇಜಿನಲ್ಲಿ ಹಿಡಿಯುವುದು 70 ಮಾತ್ರ, ಕೊಂಬು ದೀರ್ಘಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ನಿಮಗೆ ಹೇಳುವುದನ್ನು ಅಷ್ಟರಲ್ಲಿ ಹೇಗೆ ಹಿಡಿಸಲಿ?

ಗೂಗಲ್‌ನಲ್ಲಿ ನೋಡಿದರೆ ಸಿಗುವುದಿಲ್ಲವೇ ಎಂದು ತಮ್ಮ ಕೇಳುತ್ತಾನೆ. ಸಿಗುತ್ತದೆ. ಕಂಪ್ಯೂಟರಿನ ಮುಂದೆ ಕೂತಾಗ ನಾನೂ ಅಲ್ಲೇ ನೋಡುತ್ತೇನೆ. ಆದರೆ ರಾತ್ರಿ ಹನ್ನೊಂದಕ್ಕೆ, ಬೀಗ ತೆಗೆದು ಒಳಗೆ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದಾಗ, ಒಂದು ಪ್ರಶ್ನೆ ಕಳಿಸಿದರೆ ಎಲ್ಲೋ ಒಬ್ಬರು ಅದನ್ನು ಓದುತ್ತಾರೆ. ನನಗಾಗಿ ಎರಡು ನಿಮಿಷ ಹುಡುಕುತ್ತಾರೆ. ಅದು ನನಗೆ ಬೇಕೆನಿಸುತ್ತದೆ. ನನ್ನ ಪ್ರಶ್ನೆ ಮೇಲಿನ ಮನೆಗೇ ಹೋಗುತ್ತದೆಂದಿಲ್ಲ. ಆದರೂ ಕಳಿಸಿದ ಮೇಲೆ ಒಮ್ಮೆ ಚಾವಣಿ ನೋಡುವುದು ಅಭ್ಯಾಸವಾಗಿದೆ.

ಚಂದನದಲ್ಲಿ ಸೋಮೇಶ್ವರ ಅವರು 'ಥಟ್ ಅಂತ ಹೇಳಿ' ಎನ್ನುವ ಮೊದಲೇ ನೀವು ಕುರ್ಚಿಯಿಂದ ಉತ್ತರ ಕೂಗುತ್ತಿದ್ದಿರಿ. ಬಹುಮಾನದ ಪುಸ್ತಕ ಅಲ್ಲಿ ಉತ್ತರ ಹೇಳಿದವರಿಗೆ, ಖುಷಿ ನಿಮಗೆ. ಈಗಲೂ ತಮ್ಮನ ಜೊತೆ ಪೈಪೋಟಿ ನಡೆಯುತ್ತದೆ ಎಂದು ಅಮ್ಮ ಹೇಳಿದಳು. ಅದಕ್ಕೇ ಒಂದು ಕೋರಿಕೆ. ನೀವು ಇಷ್ಟು ವರ್ಷ ಉತ್ತರ ಹೇಳಿದ್ದೀರಿ, ಈ ಸಲ ನೀವು ಕೇಳಿ. ಹತ್ತು ಪ್ರಶ್ನೆ ಬರೆದು ನಂಬರು ಹಾಕಿ ಕಳಿಸಿ. ನಿಜವಾಗಿಯೂ ನಿಮಗೆ ತಿಳಿಯಬೇಕೆನಿಸಿದ್ದು, ನನ್ನ ಪರೀಕ್ಷೆ ಮಾಡಲು ಅಲ್ಲ. ಅಮ್ಮನದೂ ಅಜ್ಜಿಯದೂ ಸೇರಿಸಿ. ಕಾಗದ ಇಲ್ಲಿಗೆ ಬರಲು ಎರಡು ವಾರ, ಉತ್ತರ ಬರಲು ಎರಡು ನಿಮಿಷ, ಅದು ನಿಮಗೆ ಮುಟ್ಟಲು ಮತ್ತೆ ಎರಡು ವಾರ. ಬಂದ ಉತ್ತರಗಳನ್ನು ಅಕ್ಷರ ಬಿಡದೆ ಕನ್ನಡಕ್ಕೆ ಇಳಿಸಿ ಬರೆಯುತ್ತೇನೆ.

ಚಳಿ ಪೂರ್ತಿ ಹೋಯಿತು, ಸ್ವೆಟರ್ ಒಳಗಿಟ್ಟಿದ್ದೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯಲ್ಲಿ ಇನ್ನು ನಾಲ್ಕು ಮಿಡಿ ಉಳಿದಿವೆ.

ಇಂತಿ ನಿಮ್ಮ ಮಗಳು,
ಪುಟ್ಟಿ

ತಾ.ಕ: ಅಜ್ಜಿಗೆ ಈ ಕಾಗದ ಓದಿಹೇಳುವಾಗ ಗುಬ್ಬಿಯ ಭಾಗ ಎರಡು ಸಲ ಓದಿ. ನಮ್ಮ ಮನೆಯ ಗುಬ್ಬಿಗಳು ಈ ವರ್ಷ ಮಾಡಿಗೆ ಗೂಡು ಕಟ್ಟಿವೆಯೇ ಎಂಬುದನ್ನು ನೋಡಿ ತಿಳಿಸಿ. ಅದನ್ನು ಮಾತ್ರ ನಿಮ್ಮನ್ನೇ ಕೇಳಬೇಕು.