ಹ್ಯಾಮ್ ರೇಡಿಯೊ ಗದ್ದಲ: ಅಂಟೆನಾ ಬದಲಿಸುವ ಮೊದಲು ಚಾರ್ಜರ್ ಕಿತ್ತು ನೋಡಿ

ಸಂಪಾದಕರೇ,

ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ತಮ್ಮದೇ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಮಾತಾಡುವುದು, ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಪ್ರವಾಹ, ಭೂಕಂಪ ಬಂದಾಗ ಮಾತ್ರ. ಸಂತೋಷವೇ. ಆದರೆ ಉಳಿದ ದಿನಗಳಲ್ಲಿ ನಮ್ಮ ಜಗಳವೆಲ್ಲ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್ ಜೊತೆ; ಅವು ರೇಡಿಯೊದಲ್ಲಿ ಎಬ್ಬಿಸುವ ಗದ್ದಲದಲ್ಲಿ ಆ ಕಡೆಯವರ ಮಾತೇ ಮುಚ್ಚಿಹೋಗುತ್ತದೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ.

ಈಗಿನ ಬಲ್ಬು, ಚಾರ್ಜರ್, ಟಿವಿ, ಸೋಲಾರ್ ಇನ್ವರ್ಟರ್ ಎಲ್ಲದರೊಳಗೂ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದರ ಹಾರ್ಮೋನಿಕ್ಸ್, ಅಂದರೆ ಆ ವೇಗದ ಎರಡು, ಮೂರು, ನೂರು ಪಟ್ಟಿನಲ್ಲಿ ಹುಟ್ಟುವ ಅಲೆಗಳು, ಮೆಗಾಹರ್ಟ್ಸ್‌ಗಟ್ಟಲೆ ಮೇಲಕ್ಕೆ ಹತ್ತಿ ಹ್ಯಾಮ್‌ಗಳು ಮಾತಾಡುವ 3.5, 7 ಮೆಗಾಹರ್ಟ್ಸ್ ಬ್ಯಾಂಡುಗಳಲ್ಲಿ ಬಂದು ಕೂರುತ್ತವೆ. ಒಳ್ಳೆಯ ಮಾಲಿನಲ್ಲಿ ಇದನ್ನು ತಡೆಯುವ ಫಿಲ್ಟರ್ ಇರುತ್ತದೆ, ಅಗ್ಗದ್ದರಲ್ಲಿ ಎಷ್ಟೋ ಸಲ ದುಡ್ಡು ಉಳಿಸಲು ಅದನ್ನೇ ಬಿಟ್ಟಿರುತ್ತಾರೆ. ಆಮೇಲೆ ಮನೆಯ ವೈರಿಂಗೇ ಆ ಗದ್ದಲಕ್ಕೆ ಅಂಟೆನಾ.

ಕೇಳಿಸುತ್ತಿಲ್ಲ ಅಂದ ಕೂಡಲೇ ಹೊಸಬರು ದುಬಾರಿ ರೇಡಿಯೊ, ಇನ್ನೂ ಎತ್ತರದ ಅಂಟೆನಾ ನೋಡಲು ಶುರು ಮಾಡುತ್ತಾರೆ. ಲೆಕ್ಕ ಬೇರೆಯೇ ಇದೆ. ರೇಡಿಯೊಕ್ಕೆ ಬರುವ ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್-ಮೀಟರಿನ ಒಂದು ಅಂಕ ಅಂದರೆ 6 ಡೆಸಿಬೆಲ್, ಪವರ್‌ನಲ್ಲಿ ನಾಲ್ಕು ಪಟ್ಟು. ಗದ್ದಲ ಎಸ್7ರಿಂದ ಎಸ್5ಕ್ಕೆ ಇಳಿದರೆ 16 ಪಟ್ಟು ಲಾಭ. ಅದೇ ಲಾಭ ಆ ಕಡೆಯಿಂದ ಬರಬೇಕೆಂದರೆ 100 ವ್ಯಾಟ್‌ನಲ್ಲಿ ಮಾತಾಡುತ್ತಿರುವವರು 1,600 ವ್ಯಾಟ್ ಹಾಕಬೇಕು. ಒಂದು ಬಲ್ಬು ಬದಲಿಸುವುದು ಸುಲಭ ಅಲ್ವಾ?

ಹುಡುಕುವುದೂ ಕಷ್ಟವಲ್ಲ. ರೇಡಿಯೊವನ್ನು ಬ್ಯಾಟರಿಗೆ ಹಾಕಿಕೊಂಡು ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಅದು ಬ್ಯಾಟರಿ ಮೇಲೆ ಕಿರುಚುತ್ತಲೇ ಇರುತ್ತದೆ. ಗದ್ದಲ ಬಿದ್ದುಹೋಯಿತಾ, ಕಳ್ಳ ಮನೆಯೊಳಗೇ ಇದ್ದಾನೆ. ಮೇನ್ ಹಾಕಿ, ಒಂದೊಂದು ರೂಮಿನ ಕರೆಂಟಿಗೆ ಇರುವ ಎಂಸಿಬಿ ಸ್ವಿಚ್‌ಗಳನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವ ರೂಮ್ ಅಂತ ಗೊತ್ತಾದ ಮೇಲೆ, ಹಳೆಯ ಟ್ರಾನ್ಸಿಸ್ಟರ್ ರೇಡಿಯೊವನ್ನು ಎಎಂನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ಒಂದೊಂದು ಪ್ಲಗ್ ಹತ್ತಿರ ಹಿಡಿದರೆ ಸಾಕು, ಗರ್ ಅನ್ನುತ್ತದೆ. ಟ್ಯೂನ್ ಮಾಡುವಾಗ ಸರಿಯಾದ ಅಂತರದಲ್ಲಿ ಮತ್ತೆ ಮತ್ತೆ ಸಿಗುವ, ಬಿಸಿಯಾದಂತೆ ಮೆಲ್ಲಗೆ ಜರುಗುವ ಗೊರಗೊರ ಇದ್ದರೆ ಅದು ಇಂಥ ಸರ್ಕ್ಯೂಟಿನದೇ.

ಆ ಚಾರ್ಜರನ್ನು ಬದಲಿಸಿ. ಆಗದಿದ್ದರೆ ಅದರ ವೈರನ್ನು ಫೆರೈಟ್ ರಿಂಗ್‌ಗೆ ಸುತ್ತಿ. ಕೆಲವು ಲ್ಯಾಪ್‌ಟಾಪ್ ಕೇಬಲ್ ತುದಿಯಲ್ಲಿ ಇರುವ ಕಪ್ಪು ಗುಬುಟು ನೋಡಿದ್ದೀರಲ್ಲ, ಅದೇ ಜಾತಿ. ಕ್ಲಿಪ್ ಮಾಡಿ ಒಂದು ಸಲ ತೂರಿಸಿ ಬಿಟ್ಟರೆ ಈ ಬ್ಯಾಂಡುಗಳಲ್ಲಿ ದೊಡ್ಡ ಉಪಯೋಗವಿಲ್ಲ, ಸುತ್ತು ಜಾಸ್ತಿ ಬೇಕು, ಯಾಕೆಂದರೆ ಮೂರು ಸುತ್ತು ಹಾಕಿದರೆ ಗದ್ದಲವನ್ನು ತಡೆಯುವ ಗುಣ, ಇಂಡಕ್ಟನ್ಸ್, ಸುಮಾರು ಒಂಬತ್ತು ಪಟ್ಟಾಗುತ್ತದೆ. ರಿಂಗಿನ ಮಾಲು ಕೂಡ ಮುಖ್ಯ, 3.5, 7ರಂಥ ಕೆಳಗಿನ ಬ್ಯಾಂಡುಗಳಿಗೆ ಮಿಕ್ಸ್ 31 ಅನ್ನುವ ಬಗೆಯ ಫೆರೈಟ್ ಕೇಳಿ. ಅಂಟೆನಾದಿಂದ ರೇಡಿಯೊಗೆ ಬರುವ ಕೋಆಕ್ಸ್ ಕೇಬಲನ್ನೂ ಹೀಗೇ ರಿಂಗ್‌ಗೆ ಸುತ್ತಿ, ಎಷ್ಟೋ ಗದ್ದಲ ಅದರ ಹೊರಗವಚದ ಮೇಲೆ ಹರಿದು ಒಳಗೆ ಬರುತ್ತದೆ.

ರೇಡಿಯೊದಲ್ಲಿರುವ, ಗದ್ದಲ ಅಡಗಿಸುವ ನಾಯ್ಸ್ ಬ್ಲ್ಯಾಂಕರ್ ಟಕ್ ಟಕ್ ಅನ್ನುವ ಸದ್ದಿಗೆ ಒಳ್ಳೆಯದು, ಒಂದೇ ಸಮನೆ ಬರುವ ಗೊರಗೊರಕ್ಕೆ ಅಷ್ಟಾಗಿ ಆಗದು. ಸಿಡಿಲಿನ ಪಟಪಟವನ್ನಂತೂ ಪೂರ್ತಿ ತೆಗೆಯಲು ಆಗುವುದಿಲ್ಲ, ಆಗ ರೇಡಿಯೊ ಆಫ್ ಮಾಡಿ ಅಂಟೆನಾ ಕಳಚಿಡುವುದೇ ಸರಿ.

ಮೇನ್ ಆಫ್ ಮಾಡಿದರೂ ಗದ್ದಲ ಹೋಗಲಿಲ್ಲವೆಂದರೆ ಮೂಲ ಹೊರಗಿದೆ. ಒಣ ಹವೆಯಲ್ಲಿ ಜೋರಾಗಿ, ಮಳೆ ಬಿದ್ದಾಗ ಮಾಯವಾಗುವ ಬುರ್ ಸದ್ದು ಬಹುತೇಕ ಕರೆಂಟು ಕಂಬದ ಸಡಿಲ ಕಬ್ಬಿಣದ್ದು. ಕಂಬಕ್ಕೆ ಸುತ್ತಿಗೆಯಲ್ಲಿ ಬಡಿದು ಪರೀಕ್ಷೆ ಮಾಡುವ ಮಹಾಶಯರಿದ್ದಾರೆ, ಆ ಕೆಲಸ ಬೇಡವೇ ಬೇಡ. ಕಂಬದ ನಂಬರ್ ಬರೆದುಕೊಂಡು ವಿದ್ಯುತ್ ಇಲಾಖೆಗೆ ಕೊಡಿ.

ಹ್ಯಾಮ್ ಅಲ್ಲದ ಓದುಗರಲ್ಲಿ ಒಂದು ವಿನಂತಿ. ಪಕ್ಕದ ಮನೆಯವರು ಬಂದು ‘ನಿಮ್ಮ ಹಾಲ್‌ನ ಬಲ್ಬ್ ಎರಡು ನಿಮಿಷ ಆಫ್ ಮಾಡ್ತೀರಾ’ ಅಂತ ಕೇಳಿದರೆ ಸುಮ್ನೆ ಗಾಬರಿಯಾಗಬೇಡಿ. ಬೇರೆ ಬಲ್ಬ್ ತಂದುಕೊಡುತ್ತೇವೆ ಅಂದರೆ ತೆಗೆದುಕೊಳ್ಳಿ.

— ಒಬ್ಬ ಹ್ಯಾಮ್ ಓದುಗ